ಕಂಬಳಿ ಮಂತ್ರಿ ಚಿಕ್ಕೀರಪ್ಪ

ಚಿಕ್ಕೀರಪ್ಪನ ಕತ್ತಿನ ಬಗ್ಗೆ ಇದುವರೆಗೆ ಯಾರೂ ಒಂದು ಶಾಸನ ಕೆತ್ತಿಸಿಲ್ಲ ಎಂಬುದು ನಮ್ಮ ಸೀಮೆಗೇ ಅವಮಾನ. ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿದರೆ ಚಕ್ರವರ್ತಿ ಅಶೋಕ ಕೆತ್ತಿಸಿದ ಬಂಡೆ ಸಿಗುತ್ತದೆ. ಅದರ ಸುತ್ತ ಇನ್ನೂ ಎಷ್ಟೋ ಬಂಡೆಗಳು ಖಾಲಿ ಬಿದ್ದಿವೆ. ಅವುಗಳಲ್ಲಿ ಒಂದರ ಮೇಲೆ 'ಈ ಸೀಮೆಯಲ್ಲಿ ಚಿಕ್ಕೀರಪ್ಪನೆಂಬುವನಿದ್ದನು, ಆತನ ಕತ್ತು ಎಂದೂ ಅಡ್ಡಡ್ಡ ಆಡಲಿಲ್ಲ' ಎಂದು ಎರಡು ಸಾಲು ಕೊರೆಸಿದ್ದರೆ ಯಾರ ಗಂಟು ಹೋಗುತ್ತಿತ್ತು?

ಆ ಕತ್ತು ಮೇಲೆ ಕೆಳಗೆ ಮಾತ್ರ ಆಡುತ್ತದೆ. ಎದುರಿಗೆ ಯಾರಿದ್ದರೂ ಸರಿ, ಏನಿದ್ದರೂ ಸರಿ, 'ಹೌದು ಹೌದು' ಎನ್ನುತ್ತದೆ. ಟೀವಿಯಲ್ಲಿ ಇಬ್ಬರು ಜಗಳವಾಡುತ್ತಿದ್ದರೆ ಇಬ್ಬರಿಗೂ ಹೌದು. ಬೇಸಿಗೆಯಲ್ಲಿ ಮಗ ಟೇಬಲ್ ಫ್ಯಾನು ತಂದಿಟ್ಟಾಗ ಅದು ಎಡಕ್ಕೂ ಬಲಕ್ಕೂ ತಿರುಗುತ್ತ ಅಲ್ಲ ಅಲ್ಲ ಎನ್ನುತ್ತಿತ್ತಂತೆ, ಚಿಕ್ಕೀರಪ್ಪ ಹೌದು ಹೌದು ಎನ್ನುತ್ತಿದ್ದನಂತೆ. ಆ ವಾದ ಕರೆಂಟು ಹೋಗುವವರೆಗೆ ನಡೆಯಿತು. ಚಳ್ಳಕೆರೆಯ ಕುರಿ ಸಂತೆಯಲ್ಲಿ ದಲ್ಲಾಳಿಯೊಬ್ಬ ಯಾರಿಗೋ ಹೇಳುತ್ತಿದ್ದ ಬೆಲೆಗೆ ಇವನ ಕತ್ತು ಆಡಿಬಿಟ್ಟು, ಒಂದು ಕುಂಟ ಟಗರು ಇವನ ಮನೆಗೆ ಬಂತು. ಅದು ಕುಂಟ ಎಂದು ಹೆಂಡತಿ ಬೈದಾಗ ಅದಕ್ಕೂ ಹೌದೆಂದ. ಕ್ಷೌರದ ಅಂಗಡಿಯಲ್ಲಿ ಇವನ ತಲೆ ಹಿಡಿಯಲು ಇನ್ನೊಬ್ಬ ಬೇಕು.

ಇಂಥ ಕತ್ತು ಹುಟ್ಟಿನಿಂದ ಬರುವುದಿಲ್ಲ. ಅದಕ್ಕೆ ದೊಡ್ಡ ಸರ್ಕಾರದ ದೊಡ್ಡ ಹುದ್ದೆಯಲ್ಲಿ ವರ್ಷಾನುಗಟ್ಟಲೆ ಪಳಗಬೇಕು. ಚಿಕ್ಕೀರಪ್ಪ ಪಳಗಿದ್ದು ಮುದ್ದಪ್ಪನ ಸರ್ಕಾರದಲ್ಲಿ.

ದೊಡ್ಡಉಳ್ಳಾರ್ತಿಯ ಕಾವಲಿನ, ಅಂದರೆ ಸರ್ಕಾರಿ ಹುಲ್ಲುಗಾವಲಿನ, ಅಂಚಿಗೆ ಇರುವ ನಮ್ಮ ಊರು ಕುರಿ, ಉಣ್ಣೆ ಮತ್ತು ಕಂಬಳಿಯ ಊರು. ಕಂಬಳಿ ನೇಯುವವರ ಸಂಘಕ್ಕೆ ಮುದ್ದಪ್ಪ ಅಧ್ಯಕ್ಷ. ಕಟ್ಟೆಯ ನ್ಯಾಯಕ್ಕೆ ಯಜಮಾನನೂ ಅವನೇ. ಮೊದಲ ಸಲ ಅವನನ್ನು ಊರೇ ಆರಿಸಿತು. ಆಮೇಲಿನ ಸಲಗಳಲ್ಲಿ ಆರಿಸುವ ಶ್ರಮವನ್ನು ಅವನು ಊರಿಗೆ ಕೊಡಲಿಲ್ಲ. ಹೆಸರು ಮುದ್ದಪ್ಪನಾದರೂ ಅವನನ್ನು ಮುದ್ದು ಮಾಡಿದವರು ಅವನ ತಾಯಿಯ ನಂತರ ಯಾರೂ ಇಲ್ಲ. ಅವನ ಟೀ ಆಗುವ ಮುಂಚೆ ಟೀ ಅಂಗಡಿಯಲ್ಲಿ ಇನ್ನೊಬ್ಬರ ಲೋಟ ತುಂಬುವಂತಿರಲಿಲ್ಲ. ಅವನು ಗಾಡಿ ಕೊಳ್ಳುವ ಮುಂಚೆ ಇನ್ನೊಬ್ಬರು ಕೊಳ್ಳುವಂತಿರಲಿಲ್ಲ. ಮೋಟರ್ ಸೈಕಲ್ ತಂದಿದ್ದ ಒಬ್ಬ ಬಡಪಾಯಿ ಅದನ್ನು ಹುಲ್ಲಿನ ಬಣವೆಯೊಳಗೆ ಮುಚ್ಚಿಟ್ಟು, ಮುದ್ದಪ್ಪನ ಬಿಳಿ ಜೀಪು ಬಂದ ಮೇಲೆ ಹೊರಗೆ ತೆಗೆದ. ಅಷ್ಟರಲ್ಲಿ ಅದರ ಸೀಟಿನಲ್ಲಿ ಇಲಿ ಮರಿ ಹಾಕಿತ್ತು.

ಊರಿನ ಉಣ್ಣೆಯೆಲ್ಲ ಸಂಘಕ್ಕೆ ಬರಬೇಕು, ಸಂಘದಿಂದಲೇ ನೇಯುವವರಿಗೆ ಹೋಗಬೇಕು, ನೇಯ್ದ ಕಂಬಳಿ ಸಂಘದ ಮೂಲಕವೇ ಮಾರಾಟವಾಗಬೇಕು. ತಾನೇ ಹೊತ್ತುಕೊಂಡು ಸಂತೆಗೆ ಹೋದವನು ರಾಜದ್ರೋಹಿ.

ಈ ಸಾಮ್ರಾಜ್ಯಕ್ಕೆ ಮೂವರು ಮಂತ್ರಿಗಳು. ಒಬ್ಬ ಯಜಮಾನನ ಕೊಡೆ ಹಿಡಿಯುವವನು. ಇನ್ನೊಬ್ಬ ಅವನ ಫೋನು ಹಿಡಿದು ಸಿಗ್ನಲ್ ಸಿಗುವ ಮಾಳಿಗೆಯ ಮೇಲೆ ನಿಲ್ಲುವವನು. ಮೂರನೆಯವನು, ಮೂವರಲ್ಲಿ ಮೇಲಿನವನು, ಕಂಬಳಿ ಹೊರುವ ಚಿಕ್ಕೀರಪ್ಪ.

ಇದು ಚಾಕರಿಯ ಕೆಲಸವೆಂದು ತಿಳಿದರೆ ತಪ್ಪು. ನಮ್ಮಲ್ಲಿ ಯಜಮಾನ ನ್ಯಾಯ ಹೇಳಬೇಕಾದರೆ ಕರಿ ಕಂಬಳಿ ಹಾಸಿ ಅದರ ಮೇಲೆ ಕೂರಬೇಕು. ಕೂತವನು ಕಿರುಚುವಂತಿಲ್ಲ, ಮೆಲ್ಲಗೆ ಹೇಳಬೇಕು. ಕಂಬಳಿ ಹೊತ್ತು ತಂದವನು ಅದರ ಅಂಚಿನಲ್ಲಿ ನಿಂತು ಆ ಮಾತನ್ನು ಊರಿಗೆ ಕೇಳುವಂತೆ ಕೂಗಬೇಕು. ಕೂಗಿದ ಮೇಲೆ ಅದು ತೀರ್ಪು. ಕೂಗುವ ತನಕ ಅದು ಬರೀ ಉಸಿರು. ಮಾತು ಒಪ್ಪಿಗೆಯಾಗದಿದ್ದರೆ ಕೂಗುವವನು ಕಂಬಳಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗಬಹುದು, ಅಲ್ಲಿಗೆ ನ್ಯಾಯ ಮುರಿದು ಬಿತ್ತು. ಅಜ್ಜಂದಿರ ಕಾಲದಲ್ಲಿ ಒಬ್ಬ ಹೀಗೆ ಯಜಮಾನನ ಕುಂಡೆಯ ಕೆಳಗಿನಿಂದಲೇ ಕಂಬಳಿ ಎಳೆದುಕೊಂಡು ಹೋಗಿದ್ದನಂತೆ. ಹಿರಿಯರು ಸರ್ವಾಧಿಕಾರಿಗೆ ಒಂದು ಮೂಗುದಾಣ ಇಟ್ಟೇ ಹೋಗಿದ್ದರು. ಅದನ್ನು ಚಿಕ್ಕೀರಪ್ಪನ ಕೈಗೆ ಕೊಟ್ಟದ್ದು ಮಾತ್ರ ಕಾಲದ ಕುಚೋದ್ಯ.

ಚಿಕ್ಕೀರಪ್ಪ ಒಮ್ಮೆಯೂ ಕಂಬಳಿ ಮಡಚಲಿಲ್ಲ. ಯಜಮಾನ ತುಟಿ ಅಲುಗಿಸುತ್ತಿದ್ದ, ಇವನ ಕತ್ತು ಆಡುತ್ತಿತ್ತು, ಕತ್ತಿನ ಹಿಂದೆಯೇ ಗಂಟಲು ಏಳುತ್ತಿತ್ತು. ಎಂಥ ಗಂಟಲು! ಕಾವಲಿನ ಆಚೆಯ ಕುರಿಗಳು ಮೇಯುವುದು ನಿಲ್ಲಿಸಿ ತೀರ್ಪು ಕೇಳುತ್ತಿದ್ದವು. ಹುದ್ದೆಗೆ ತಕ್ಕ ಭೋಗವೂ ಇತ್ತು. ಟೀ ಅಂಗಡಿಯ ಎರಡನೆಯ ಲೋಟ ಇವನದು. ಜೀಪಿನ ಹಿಂಬದಿಯಲ್ಲಿ ಕಿಟಕಿ ಕಡೆಯ ಜಾಗ ಇವನದು. ಇವನು ಬೀದಿಯಲ್ಲಿ ಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಹೆಗಲ ಮೇಲಿನ ಕಂಬಳಿಗೆ ನಿಂತರೋ ಇವನಿಗೋ ಎಂದು ಚಿಕ್ಕೀರಪ್ಪ ವಿಚಾರಿಸಲು ಹೋಗಲಿಲ್ಲ.

ಆ ಗಂಟಲನ್ನು ಇವನಿಗೆ ಕೊಟ್ಟವಳು ಅಕ್ಕ ಬೊಮ್ಮಕ್ಕ. ಅವ್ವ ಕ್ಯಾತಮ್ಮ ಕೂಲಿಗೆ ಹೋದರೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಕುರಿ ಮೇಯಿಸಿದವಳು ಅವಳು. ಕುರಿ ದೂರ ಹೋದಾಗ ಹೊಟ್ಟೆಯಿಂದ ಹೇಗೆ ಕೂಗಬೇಕೆಂದು ಕಲಿಸಿದವಳೂ ಅವಳೇ. ಮದುವೆಯಾಗಿ ಊರಲ್ಲೇ ಉಳಿದಳು. ನಮ್ಮಲ್ಲಿ ಹೆಂಗಸರು ಉಣ್ಣೆ ನೂಲುತ್ತಾರೆ, ಮಗ್ಗದ ಗುಂಡಿಗೆ ಇಳಿಯುವವರು ಗಂಡಸರು. ಗಂಡ ತೀರಿಕೊಂಡಾಗ ಬೊಮ್ಮಕ್ಕ ಮಗಳು ಶಿಲ್ಪಳನ್ನು ತೊಟ್ಟಿಲಿಗೆ ಹಾಕಿ, ಸೀರೆಯ ನೆರಿಗೆ ಎತ್ತಿ ಕಟ್ಟಿ, ತಾನೇ ಗುಂಡಿಗೆ ಇಳಿದಳು. ಹುಣಸೆ ಬೀಜದ ಗಂಜಿಯನ್ನು ಅವಳು ಎಳೆಗೆ ತೀಡಿದರೆ ಕಂಬಳಿ ಮಳೆಗೆ ಬೆನ್ನು ಕೊಟ್ಟು ನಿಲ್ಲುತ್ತಿತ್ತು.

ಸಂಘವು ಅವಳ ಕಂಬಳಿಗಳನ್ನು ತೆಗೆದುಕೊಂಡು ಉಗ್ರಾಣದಲ್ಲಿ ಒಟ್ಟಿತು. ಹೆಂಗಸು ನೇಯ್ದದ್ದನ್ನು ಮೊದಲು ಮಾರಿದರೆ ಗಂಡಸರಿಗೆ ಬೇಜಾರಾಗುತ್ತದೆ ಎಂಬುದು ಮುದ್ದಪ್ಪನ ರಾಜನೀತಿ. ಸಾಕಷ್ಟು ಕಾದ ಬೊಮ್ಮಕ್ಕ, ಹೊಸದಾಗಿ ನೇಯ್ದ ಕಂಬಳಿಗಳನ್ನು ತಲೆಯ ಮೇಲಿಟ್ಟುಕೊಂಡು ಚಳ್ಳಕೆರೆ ಬಸ್ಸು ಹತ್ತಿದಳು. ಸಂಜೆಯ ಹೊತ್ತಿಗೆ ಕಂಬಳಿಯೆಲ್ಲ ಮಾರಿ, ಮಗಳಿಗೆ ಒಂದು ಫ್ರಾಕು ಹಿಡಿದು ಬಂದಳು.

ಮಾರನೆಯ ದಿನ ಕಟ್ಟೆಯ ಮೇಲೆ ಕಂಬಳಿ ಬಿತ್ತು. ಹಾಸಿದವನು ತಮ್ಮ. ಯಜಮಾನ ಕೂತು ತುಟಿ ಅಲುಗಿಸಿದ. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕತ್ತು ಆಡಿತಂತೆ, ಅಷ್ಟೇ ವ್ಯತ್ಯಾಸ.

"ಕೇಳ್ರಪ್ಪೋ ಕೇಳ್ರಿ! ಬೊಮ್ಮಕ್ಕಗೆ ಬೆಂಕಿ ಇಲ್ಲ, ನೀರಿಲ್ಲ, ಉಣ್ಣೆ ಇಲ್ಲ! ಅವಳ ಮನೆ ನೀರು ಯಾರೂ ಕುಡಿಯಂಗಿಲ್ಲ, ಅವಳಿಗೆ ಯಾರೂ ಕೊಡಂಗಿಲ್ಲ! ಒಳ್ಳೇದಕ್ಕೂ ಇಲ್ಲ, ಕೆಟ್ಟದ್ದಕ್ಕೂ ಇಲ್ಲ!"

ಯಾವ ಕಾನೂನೂ ಒಪ್ಪದ ಮಾತು. ಆದರೆ ಕಾನೂನು ಚಳ್ಳಕೆರೆಯಲ್ಲಿತ್ತು, ಕಂಬಳಿ ಇಲ್ಲೇ ಇತ್ತು. ಬೊಮ್ಮಕ್ಕ ಅಳಲಿಲ್ಲ. ತಮ್ಮನ ಮುಖ ನೋಡಿ, "ಗಂಟ್ಲು ಚೆನ್ನಾಗೈತೆ ಕಣಲೇ ಚಿಕ್ಕ. ನಾನು ಕಲ್ಸಿದ್ದು ದಂಡ ಆಗಲಿಲ್ಲ" ಎಂದಳು. ಅದೇ ವಾರ ಮಗ್ಗ ಬಿಚ್ಚಿ, ಮಗಳನ್ನು ಕರೆದುಕೊಂಡು ಬಿ.ಜಿ. ಕೆರೆಗೆ, ಗಂಡನ ಕಡೆಯವರ ಹತ್ತಿರಕ್ಕೆ ಹೊರಟುಹೋದಳು.

ಇಲ್ಲಿಯವರೆಗೆ ನಗಬಹುದು, ನಾವೂ ನಕ್ಕಿದ್ದೇವೆ. ಮುಂದಿನದನ್ನು ಊರಲ್ಲಿ ಯಾರೂ ನಗುತ್ತ ಹೇಳುವುದಿಲ್ಲ.

ಅವ್ವ ಕ್ಯಾತಮ್ಮ ಕೊನೆಯ ಕಾಲಕ್ಕೆ ಚಿಕ್ಕೀರಪ್ಪನ ಮನೆಯಲ್ಲಿದ್ದಳು. ಬಾಗಿಲಲ್ಲಿ ಯಾರ ನೆರಳು ಬಿದ್ದರೂ "ಬೊಮ್ಮಿ ಬಂದ್ಲಾ?" ಎನ್ನುತ್ತಿದ್ದಳು. ಅವಳು ತೀರಿಹೋದ ದಿನ ಸುದ್ದಿ ಹೇಗೋ ಬಿ.ಜಿ. ಕೆರೆಗೆ ಮುಟ್ಟಿತು. ಹೊಲದಲ್ಲಿ ಗುಂಡಿ ತೋಡಿ ಮುಗಿಯುವಷ್ಟರಲ್ಲಿ ಬೊಮ್ಮಕ್ಕ ಕಳ್ಳಿಬೇಲಿಯ ಹೊರಗೆ ಬಂದು ನಿಂತಿದ್ದಳು. ಒಳಗೆ ಬರಲಿಲ್ಲ. ಬೇಲಿಯ ಹತ್ತಿರವಿದ್ದವರೊಬ್ಬರ ಕೈಲಿ, "ಒಂದು ಸಲ ಮುಖ ನೋಡಿ ಹೋಗ್ತೀನಿ ಅಂತ ಹೇಳಪ್ಪ" ಎಂದು ತಮ್ಮನಿಗೆ ಹೇಳಿ ಕಳಿಸಿದಳು.

ಹೆಣದ ಮುಖ ಇನ್ನೂ ಮುಚ್ಚಿರಲಿಲ್ಲ. ಜನರೆಲ್ಲ ಚಿಕ್ಕೀರಪ್ಪನನ್ನು ನೋಡಿದರು. ಚಿಕ್ಕೀರಪ್ಪ ಹುಣಸೆ ಮರದ ಕಡೆ ನೋಡಿದ. ಬಿಸಿಲೆಂದು ಯಜಮಾನ ಆ ಮರದ ಕೆಳಗೆ ಬಿಳಿ ಜೀಪು ನಿಲ್ಲಿಸಿಕೊಂಡು ಒಳಗೇ ಕೂತಿದ್ದ. ಚಿಕ್ಕೀರಪ್ಪ ಅಲ್ಲಿಗೆ ಹೋದ. ಕಿಟಕಿಗೆ ಬಗ್ಗಿದ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಬೇಲಿಯ ಹತ್ತಿರ ಬಂದ.

"ಬ್ಯಾಡ ಅಂತೆ ಅಕ್ಕ" ಎಂದ.

ಬೊಮ್ಮಕ್ಕ ಬೇಲಿಯ ಆಚೆಯ ನೆಲದಿಂದ ಒಂದು ಹಿಡಿ ಮಣ್ಣು ತೆಗೆದು, ಕಳ್ಳಿಯ ಮೇಲಿಂದ ಗುಂಡಿಯ ದಿಕ್ಕಿಗೆ ಎಸೆದಳು. ಅದು ಅಷ್ಟು ದೂರ ಹೋಗಲಿಲ್ಲ. ತಿರುಗಿ ನಡೆದು ಬಸ್ಸಿನ ದಾರಿ ಹಿಡಿದಳು.

ಆ ಜೀಪಿನೊಳಗೆ ಯಜಮಾನ ಏನು ಹೇಳಿದ ಎಂಬುದರ ಮೇಲೆ ಊರಲ್ಲಿ ಪುರಾಣಗಳೇ ಹುಟ್ಟಿದವು. ಬಂದೂಕು ತೋರಿಸಿದ ಎಂದು ಕೆಲವರು. ನಿನ್ನ ಮಗನ ಕೆಲಸ ತೆಗೆಸುತ್ತೇನೆ ಎಂದನೆಂದು ಕೆಲವರು. ಅವಳನ್ನು ಒಳಗೆ ಬಿಟ್ಟರೆ ನಿನ್ನ ಅವ್ವನಿಗೆ ಈ ನೆಲದಲ್ಲಿ ಮಣ್ಣು ಸಿಗದು ಎಂದನೆಂದು ಇನ್ನು ಕೆಲವರು. ಚಿಕ್ಕೀರಪ್ಪನನ್ನು ಕೇಳಿದರೆ ಮೂರಕ್ಕೂ ಕತ್ತು ಆಡಿಸುತ್ತಿದ್ದ.

ಸಾಮ್ರಾಜ್ಯಗಳು ಬೀಳುವಾಗ ಸಿಡಿಲು ಬಡಿಯುತ್ತದಂತೆ, ಪ್ರತಿಮೆಗಳು ಉರುಳುತ್ತವಂತೆ. ನಮ್ಮದು ಬಿದ್ದದ್ದು ರಗ್ಗಿನಿಂದ. ಎಲ್ಲಿಂದಲೋ ಬಂದವರು ಬೈಕಿನ ಹಿಂದೆ ಹೂವಿನ ಚಿತ್ರದ ಮೆತ್ತನೆಯ ರಗ್ಗು ಕಟ್ಟಿಕೊಂಡು ಬೀದಿಬೀದಿ ಮಾರಿದರು. ಯಜಮಾನನ ಸ್ವಂತ ಸೊಸೆಯೇ ಎರಡು ತೆಗೆದುಕೊಂಡಳು. ಉಣ್ಣೆಯನ್ನು ವ್ಯಾಪಾರಿಗಳ ವ್ಯಾನು ದೊಡ್ಡಿಯ ಬಾಗಿಲಿಗೇ ಬಂದು ಒಯ್ಯತೊಡಗಿತು. ಸಂಘಕ್ಕೆ ಉಣ್ಣೆಯೂ ಬರಲಿಲ್ಲ, ಕಂಬಳಿಯೂ ಬರಲಿಲ್ಲ, ಕಟ್ಟೆಗೆ ನ್ಯಾಯವೂ ಬರಲಿಲ್ಲ. ಕೊಡೆ ಮಂತ್ರಿ ಕಾವಲಿನ ಹೊಸ ಬೇಲಿಗೆ ವಾಚ್‌ಮನ್ ಆಗಿ ಸೇರಿದ. ಫೋನ್ ಮಂತ್ರಿ ರೀಚಾರ್ಜ್ ಅಂಗಡಿ ಇಟ್ಟ. ಯಜಮಾನ ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡು, ಆಮೇಲೆ ಇಡಿಯಾಗಿಯೇ ಹೋದ. ಮಣ್ಣಿಗೆ ಬಂದಿದ್ದ ಜನಕ್ಕೆ ಒಂದು ಗೂಡ್ಸ್ ಆಟೋ ಸಾಕಾಯಿತು. ಆ ಆಟೋ ನಮ್ಮೂರ ರಾಜಣ್ಣನದು, ಅದಕ್ಕೇ ಅವನಿಗೆ ಖಚಿತವಾಗಿ ಗೊತ್ತು.

ಊರಿನ ಜನ ನಿಧಾನಕ್ಕೆ ಬಿ.ಜಿ. ಕೆರೆಯ ಕಡೆ ಹೋದಾಗ ಬೊಮ್ಮಕ್ಕನ ಮನೆಗೆ ಹೊಕ್ಕು, ನೀರು ಕುಡಿದು, ಟೀ ಕುಡಿದು, ಒಂದು ಕಂಬಳಿಯನ್ನೂ ಕೊಂಡು ಬರತೊಡಗಿದರು. ತೀರ್ಪು ನೆನಪಿದ್ದವರೇ ಇರಲಿಲ್ಲ. ಒಬ್ಬನನ್ನು ಬಿಟ್ಟು. ಮೊಳಕಾಲ್ಮೂರಿಗೆ ಹೋಗುವ ಬಸ್ಸು ಬಿ.ಜಿ. ಕೆರೆಯಲ್ಲಿ ನಿಂತರೆ ಚಿಕ್ಕೀರಪ್ಪ ಎಂಥ ಬಿಸಿಲಿನಲ್ಲೂ ಇಳಿದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಇಡೀ ಜಗತ್ತಿನಲ್ಲಿ ಮುದ್ದಪ್ಪನ ಸರ್ಕಾರ ಇನ್ನೂ ನಡೆಯುತ್ತಿದ್ದದ್ದು ಆ ಒಂದು ಗಂಟಲಿನಲ್ಲಿ.

ಈ ಸಲದ ಬೇಸಿಗೆಯಲ್ಲಿ ಒಂದು ದಿನ ಬೆಳಿಗ್ಗೆ ಚಿಕ್ಕೀರಪ್ಪ ರಾಜಣ್ಣನ ಆಟೋದ ಎದುರು ಬಂದು ನಿಂತ. ಹೆಗಲ ಮೇಲೆ ಅದೇ ಕರಿ ಕಂಬಳಿ.

"ಏನಣ್ಣ, ಯಾರ ಮೇಲೆ ತೀರ್ಪು ಇವತ್ತು?" ಎಂದ ರಾಜಣ್ಣ.

"ಬಿ.ಜಿ. ಕೆರೆಗೆ ಹೋಗಾನ ನಡಿ. ಅಕ್ಕನ ಮನೆಗೆ."

"ನೀರು ಕುಡಿಯಾಕಾ?"

"ಕುಡಿಯಾಕೇ. ಸಾಯೋದ್ರೊಳಗೆ ಅಕ್ಕನ ಕೈಯಿಂದ ಒಂದು ಚೊಂಬು ನೀರು ಕುಡೀಬೇಕು. ಕಂಬಳಿ ಮ್ಯಾಲೆ ಕೂಗಿದ್ದು ಕಂಬಳಿ ಮ್ಯಾಲೇ ಬಿಡಿಸ್ಬೇಕು. ಯಜಮಾನ್ರಂತೂ ಇಲ್ಲ. ನಾನೇ ಕೂಗಿ ಬಿಡಿಸ್ತೀನಿ."

"ಅಲ್ಲೋ ಮಾರಾಯ, ಆ ಕಟ್ಟು ಯಾವತ್ತೋ ಬಿಟ್ಟೋಗೈತೆ. ನಾನು ಹೋದ ತಿಂಗಳು ಅವರ ಮನ್ಯಾಗೆ ಮುದ್ದೆ ಉಂಡು ಬಂದೀನಿ."

"ನಿಂಗೆ ಬಿಟ್ಟೈತೆ. ಕೂಗಿದೋನಿಗೆ ಬಿಟ್ಟಿಲ್ಲ" ಎಂದು ಚಿಕ್ಕೀರಪ್ಪ ಆಟೋ ಹತ್ತಿದ. ದಾರಿಯುದ್ದಕ್ಕೂ ರಾಜಣ್ಣ ಕಾಲೆಳೆದ. ದಾರಿಯುದ್ದಕ್ಕೂ ಚಿಕ್ಕೀರಪ್ಪ ಗಂಟಲು ಸರಿ ಮಾಡಿಕೊಂಡ.

ಬೊಮ್ಮಕ್ಕನ ಮನೆ ಊರ ಅಂಚಿಗಿದೆ. ಅಂಗಳದಲ್ಲಿ ಶಿಲ್ಪಳ ಸ್ಕೂಟರ್, ಅದರ ಪಕ್ಕ ಬಿಸಿಲಿಗೆ ಹರವಿದ ಉಣ್ಣೆ. ಶಿಲ್ಪ ಈಗ ದೊಡ್ಡವಳು, ಅಂಗನವಾಡಿಯಲ್ಲಿ ಟೀಚರು. ರಾಜಣ್ಣನನ್ನು ಕಂಡು "ಬಾ ಮಾವ" ಎಂದಳು. ಅವನ ಹಿಂದೆ ಇದ್ದವನನ್ನು ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಇದೇನು ಇಂಥಾ ಬಿಸಿಲಾಗೆ ಕಂಬಳಿ ಹೊತ್ಕಂಡು ಬಂದೀಯ?" ಎಂದಳು. ಮಾವ ಎನ್ನಲಿಲ್ಲ. ಒಳಗೆ ಹೋಗಿ ಎರಡು ಚೊಂಬು ನೀರು ತಂದಳು. ಒಂದನ್ನು ರಾಜಣ್ಣನಿಗೆ ಕೊಟ್ಟು ಇನ್ನೊಂದನ್ನು ಚಾಚುವಷ್ಟರಲ್ಲಿ ಒಳಗಿನಿಂದ ಧ್ವನಿ ಬಂತು.

"ಶಿಲ್ಪಾ, ಆ ಚೊಂಬು ಇತ್ಲಾಗೆ ತಾ."

ಚೊಂಬು ಒಳಗೆ ಹೋಯಿತು. ಚಿಕ್ಕೀರಪ್ಪ ಅದು ಹೋದ ದಾರಿಯನ್ನೇ ನೋಡಿದ. ಆಮೇಲೆ ಹೆಗಲಿನಿಂದ ಕಂಬಳಿ ಇಳಿಸಿ ಅಂಗಳದ ನಡುವೆ ಹಾಸಿ, ಸುಕ್ಕು ತೀಡಿ, ಅಂಚಿಗೆ ನಿಂತು, ಹಳೆಯ ಸಾಮ್ರಾಜ್ಯದ ಸಂಪೂರ್ಣ ಗತ್ತಿನಲ್ಲಿ ಕೂಗಿದ:

"ಕೇಳ್ರಪ್ಪೋ ಕೇಳ್ರಿ! ಬೊಮ್ಮಕ್ಕನ ಮ್ಯಾಗಿನ ಬೆಂಕಿ ಕಟ್ಟು, ನೀರು ಕಟ್ಟು, ಉಣ್ಣೆ ಕಟ್ಟು ಇವತ್ತಿಗೆ ಬಿಟ್ಟೈತೆ!"

ಬೀದಿಯ ನಾಯಿಗಳು ಎದ್ದವು. ಪಕ್ಕದ ಮನೆಯ ಗೋಡೆಯ ಮೇಲಿಂದ ಒಬ್ಬ ಹೆಂಗಸು ಇಣುಕಿ, ಹಾಸಿದ್ದನ್ನು ನೋಡಿ, "ಕಂಬಳಿ ಎಷ್ಟಪ್ಪ?" ಎಂದು ಕೇಳಿದಳು.

"ಮಾರಾಕಲ್ಲಮ್ಮ" ಎಂದ ರಾಜಣ್ಣ.

ಬೊಮ್ಮಕ್ಕ ಬಾಗಿಲಿಗೆ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಆ ಚೊಂಬು ಹಾಗೇ ಇತ್ತು.

"ಆತಾ ಕೂಗಿ?"

"ಆತಕ್ಕ."

"ಯಾರಪ್ಪಣೆ ಇದು? ನಿಮ್ಮ ಯಜಮಾನ ಸತ್ತು ಮಣ್ಣಾಗ್ಯಾನಲ್ಲ."

"ಯಾರ್ದೂ ಇಲ್ಲ. ನಂದೇ."

"ಮುಂದಕ್ಕೆ ಬಾ. ಕಂಬಳಿ ತುಳಿದ್ರೆ ತುಳಿ, ಏನಾಗಲ್ಲ." ಅವಳು ಜಗಲಿಯ ಮೇಲೆ ಕೂತು ಚೊಂಬನ್ನು ಪಕ್ಕದಲ್ಲಿಟ್ಟುಕೊಂಡಳು. "ನೋಡು ಚಿಕ್ಕ, ನಿನ್ನ ಕೂಗಿಂದ ನಂಗೇನೂ ಆಗಲಿಲ್ಲ. ಉಣ್ಣೆ ಸಿಕ್ತು. ನೀರು ಸಿಕ್ತು. ಈ ಊರಾಗೆ ನನ್ನ ಮಗ್ಗ ಅಲ್ಲಿಗಿಂತ ಚೆನ್ನಾಗಿ ಆಡ್ತು. ಅದನ್ನ ಬಿಡ್ಸಾಕೆ ನೀನು ಬರೋ ದರ್ದು ಇರ್ಲಿಲ್ಲ. ನಂಗೆ ಸಿಗದೇ ಇದ್ದದ್ದು ಅವ್ವನ ಮುಖ ಒಂದೇ."

ಚಿಕ್ಕೀರಪ್ಪ ಕಂಬಳಿಯನ್ನು ಬಳಸಿಕೊಂಡು ಜಗಲಿಯ ಹತ್ತಿರ ಬಂದ.

"ಆ ಮುದ್ದಪ್ಪ ಸತ್ತ ಸುದ್ದಿ ಬಂದ ದಿನ ನಾನು ಹೋಳಿಗೆ ಮಾಡಿದೆ, ಗೊತ್ತಾ? ಈ ಹುಡುಗಿ ಬೈದ್ಲು, ಸತ್ತೋರ ಮ್ಯಾಲೆ ಹಂಗೆಲ್ಲ ಮಾಡಬಾರದು ಅಂತ. ನಾನು ಮಾಡಿದೆ, ತಿಂದೆ. ನಿನ್ನ ಮ್ಯಾಲೆ ಸಿಟ್ಟು ಇಟ್ಕಂಡಿಲ್ಲ. ಕಟ್ಟಿ ಹಾಕಿದ ನಾಯಿ ಬೊಗಳ್ತೈತೆ. ನಾಯಿ ಮ್ಯಾಲೆ ಏನು ಸಿಟ್ಟು? ಛೂ ಬಿಟ್ಟೋನ ಮ್ಯಾಲೆ ಸಿಟ್ಟು."

"ಅಕ್ಕ..."

"ತಡಿ. ಒಂದೇ ಒಂದು ಕೇಳ್ತೀನಿ. ಇಷ್ಟು ವರ್ಷ ಯಾರ್ಯಾರೋ ಏನೇನೋ ಹೇಳ್ಯಾರೆ, ನಿನ್ನ ಬಾಯಿಂದ ಕೇಳಿಲ್ಲ. ಅವತ್ತು ಜೀಪಿನಾಗೆ ಆ ಮನುಷ್ಯ ನಿಂಗೆ ಏನಂದ? ಅವನು ಆಡಿದ ಮಾತು ಹಂಗೇ ಹೇಳು. ನಾನು ಶಾಪ ಹಾಕೋದು ಸರಿಯಾದ ಗೋರಿಗೆ ಹಾಕ್ತಿದೀನಿ ಅಂತ ನಂಗೂ ಗೊತ್ತಾಗ್ಬೇಕಲ್ಲ. ಹೇಳು, ಈ ನೀರು ಕುಡಿ, ಒಳಗೆ ಬಾ. ಊಟ ಮಾಡ್ಕಂಡು ಹೋಗು."

ಚೊಂಬನ್ನು ಎತ್ತಿ ಅವನ ಕಡೆ ಹಿಡಿದಳು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

ರಾಜಣ್ಣನಿಗೆ ತಡೆಯಲಾಗಲಿಲ್ಲ. "ಹೇಳಣ್ಣ, ಅದರಾಗೇನೈತೆ? ಬಂದೂಕು ಇತ್ತಂತಲ್ಲ ಜೀಪಿನಾಗೆ" ಎಂದ. ಚಿಕ್ಕೀರಪ್ಪನ ಕತ್ತು ಆಡದ್ದನ್ನು ಕಂಡು, "ಮತ್ತೆ ನಿನ್ನ ಮಗನ ಕೆಲಸದ ಮಾತು? ಅದೂ ಅಂದ್ನಂತೆ" ಎಂದ. ಶಿಲ್ಪ ಕೂಡ ಬಾಗಿಲಿಗೆ ಒರಗಿ, "ಹೆದರ್ಸಿರ್ತಾನೆ ಬಿಡವ್ವ, ಇನ್ನೇನು ಮಾಡಿರ್ತಾನೆ" ಎಂದಳು.

ಒಂದು 'ಹೂಂ' ಸಾಕಿತ್ತು. ಮೂವರೂ ಸೇರಿ ಸುಳ್ಳನ್ನು ನುಣ್ಣಗೆ ಅರೆದು, ಬಾಯಿಗೆ ಇಡಲು ಕಾದು ನಿಂತಿದ್ದರು. ಅದನ್ನು ನುಂಗಿದರೆ ಹಿಂದೆಯೇ ನೀರು. ಸತ್ತ ಯಜಮಾನ ಎದ್ದು ಬಂದು ಅಲ್ಲವೆನ್ನುವ ಹಾಗೂ ಇರಲಿಲ್ಲ. ಜೀವಮಾನವಿಡೀ ತಲೆಯಾಡಿಸಿದವನಿಗೆ ಅದಕ್ಕಿಂತ ಸುಲಭದ ಕೆಲಸ ಯಾವುದಿತ್ತು?

ಚಿಕ್ಕೀರಪ್ಪ ಅಕ್ಕನ ಕೈಯಲ್ಲಿದ್ದ ಚೊಂಬನ್ನು ನೋಡಿದ. ಅಕ್ಕನ ಮುಖ ನೋಡಿದ. ಕೈ ಚಾಚಲಿಲ್ಲ.

"ಏನೂ ಅನ್ನಲಿಲ್ಲಕ್ಕ. ಯಜಮಾನ್ರು ನಿದ್ದೆ ಮಾಡ್ತಿದ್ರು. ಎಬ್ಬಿಸಾಕೆ ಹೆದ್ರಿಕೆ ಆತು, ನಾನೇ ಬಂದು ಬ್ಯಾಡ ಅಂದೆ."